ಹಳೆಯ ಫ್ರಿಜ್ ಗ್ಯಾಸ್ ಗಾಳಿಗೆ ಹೋಗದಂತೆ ನಾಶ ಮಾಡುವುದು ಹೇಗೆ: ಹಿಡಿಯುವುದರಿಂದ ಸುಡುವವರೆಗೆ

ಹಳೆಯ ಫ್ರಿಜ್ ಗುಜರಿಗೆ ಹೋದಾಗ ಎಲ್ಲರ ಕಣ್ಣು ತಾಮ್ರದ ಮೇಲೆ, ಕಂಪ್ರೆಸರ್ ಮೇಲೆ. ಪೈಪಿಗೆ ಕಟರ್ ಹಾಕುತ್ತಾರೆ. ಸುಯ್ ಅಂತ ಸದ್ದು ಬಂದು ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಹೊಗೆ ಇಲ್ಲ, ವಾಸನೆ ಇಲ್ಲ, ಕೆಮ್ಮು ಬರುವುದಿಲ್ಲ. ಹಾಗಾಗಿ ಏನೋ ಕೆಟ್ಟದ್ದು ನಡೆಯಿತು ಅಂತ ಅಲ್ಲಿದ್ದವರಿಗೆ ಅನಿಸುವುದೇ ಇಲ್ಲ.

ಆದರೆ ಆ ಫ್ರಿಜ್‌ನಲ್ಲಿ ಇದ್ದದ್ದು ಆರ್-12 ಎಂಬ ಹಳೆಯ ತಂಪು ಮಾಡುವ ಗ್ಯಾಸ್ ಆಗಿದ್ದರೆ ಲೆಕ್ಕ ಬೇರೆಯೇ. ಒಂದು ಕಿಲೋ ಆರ್-12 ನೂರು ವರ್ಷದಲ್ಲಿ ಭೂಮಿಯನ್ನು ಬಿಸಿ ಮಾಡುವ ಶಕ್ತಿ 10,900 ಕಿಲೋ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಇದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ಐಪಿಸಿಸಿಯ 2007ರ ವರದಿಯ ಅಂಕಿ. ಮುಂದಿನ ವರದಿಗಳಲ್ಲಿ ಇದು ಸ್ವಲ್ಪ ಆಚೀಚೆ ಆಗಿದೆ. ಈ ಬರಹದಲ್ಲಿ ಎಲ್ಲ ಕಡೆ 2007ರ ಅಂಕಿಯನ್ನೇ ಬಳಸಿದ್ದೇನೆ. ಬರೀ 100 ಗ್ರಾಂ ಹೋದರೂ ಒಂದು ಟನ್ ದಾಟುತ್ತದೆ. ಸುಮಾರು 470 ಲೀಟರ್ ಪೆಟ್ರೋಲ್ ಸುಟ್ಟಷ್ಟು. ಜೊತೆಗೆ ಅದರಲ್ಲಿರುವ ಕ್ಲೋರಿನ್ ಮೇಲಕ್ಕೆ ಹೋಗಿ ಓಝೋನ್ ಪದರವನ್ನು ತಿನ್ನುತ್ತದೆ. ಆರ್-12 ಗಾಳಿಯಲ್ಲಿ ಸುಮಾರು ನೂರು ವರ್ಷ ಉಳಿಯುತ್ತದೆ.

ಈ ಮಾರ್ಗದರ್ಶಿ ಎಸಿ, ಫ್ರಿಜ್ ರಿಪೇರಿ ಮಾಡುವವರಿಗೆ, ಆಸ್ಪತ್ರೆ, ಕಾಲೇಜು, ಹೋಟೆಲ್‌ಗಳ ಮೇಂಟೆನೆನ್ಸ್ ನೋಡಿಕೊಳ್ಳುವವರಿಗೆ, ಗುಜರಿ ಮತ್ತು ಇ-ತ್ಯಾಜ್ಯದ ಕೆಲಸದವರಿಗೆ. ಮನೆಯಲ್ಲಿ ಹಳೆಯ ಫ್ರಿಜ್ ಇರುವವರಿಗೂ ಉಪಯೋಗ ಆಗುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 'ನಾಶ' ಅಂದ ಕೂಡಲೇ ನಮ್ಮ ತಲೆಗೆ ಬರುವುದು ದೊಡ್ಡ ಕುಲುಮೆ, ಪ್ಲಾಸ್ಮಾ ಯಂತ್ರ. ಅವೆಲ್ಲ ಜಗತ್ತಿನಲ್ಲಿ ಬಹಳ ಹಿಂದಿನಿಂದ ಇವೆ, ಚೆನ್ನಾಗಿಯೇ ಕೆಲಸ ಮಾಡುತ್ತವೆ. ಗ್ಯಾಸ್ ಕಳೆದುಹೋಗುವುದು ಕುಲುಮೆಯ ಹತ್ತಿರ ಅಲ್ಲ, ಪೈಪ್ ಕತ್ತರಿಸುವ ಜಾಗದಲ್ಲಿ. ಅದಕ್ಕೇ ಇಲ್ಲಿ ಹಿಡಿಯುವ ಕೆಲಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಈ ಗ್ಯಾಸ್ ಯಾಕೆ ಯಾರ ಲೆಕ್ಕಕ್ಕೂ ಸಿಗಲಿಲ್ಲ

1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು, ಸಿಎಫ್‌ಸಿಗಳು (ಕ್ಲೋರಿನ್, ಫ್ಲೋರಿನ್, ಕಾರ್ಬನ್ ಸೇರಿದ ಆರ್-12ರಂಥ ಗ್ಯಾಸ್) ಓಝೋನ್‌ಗೆ ಅಪಾಯ ಅಂತ ತೋರಿಸಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೆಳ್ಳಗಾಗಿರುವುದು ಜಗತ್ತಿಗೆ ಗೊತ್ತಾಯಿತು. 1987ರ ಸೆಪ್ಟೆಂಬರ್ 16ರಂದು ಓಝೋನ್ ಉಳಿಸುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಭಾರತ 1992ರಲ್ಲಿ ಸೇರಿತು. ಆಸ್ತಮಾ ಇನ್‌ಹೇಲರ್‌ನಂಥ ವಿನಾಯಿತಿ ಬಿಟ್ಟರೆ 2010ರ ಹೊತ್ತಿಗೆ ನಮ್ಮಲ್ಲಿ ಸಿಎಫ್‌ಸಿ ತಯಾರಿಕೆ, ಬಳಕೆ ನಿಂತಿತು.

ಮಾಂಟ್ರಿಯಲ್ ಒಪ್ಪಂದ ದೊಡ್ಡ ಗೆಲುವು, ಅದರಲ್ಲಿ ಅನುಮಾನ ಇಲ್ಲ. ಆದರೆ ಅದು ಕಡಿವಾಣ ಹಾಕಿದ್ದು ತಯಾರಿಕೆಗೆ ಮತ್ತು ವ್ಯಾಪಾರಕ್ಕೆ. ಆಗಲೇ ಯಂತ್ರಗಳ ಒಳಗೆ ಸೇರಿದ್ದ ಗ್ಯಾಸನ್ನು ಹಿಡಿದು ನಾಶ ಮಾಡಲೇಬೇಕು ಅಂತ ಅದು ಹೇಳಲಿಲ್ಲ. ಇತ್ತ ಹವಾಮಾನದ ಬಗ್ಗೆ ಆದ 1997ರ ಕ್ಯೋಟೊ ಒಪ್ಪಂದ, ಮಾಂಟ್ರಿಯಲ್ ಒಪ್ಪಂದದ ಕೆಳಗೆ ಬರುವ ಅನಿಲಗಳನ್ನು ತನ್ನ ಪಟ್ಟಿಯಿಂದ ಹೊರಗಿಟ್ಟಿತು. ಹೀಗೆ ಹಳೆಯ ಸಿಎಫ್‌ಸಿ ಎರಡೂ ಒಪ್ಪಂದಗಳ ನಡುವೆ ಉಳಿದುಹೋಯಿತು. ಒಪ್ಪಂದಗಳಲ್ಲಿ ಕಡ್ಡಾಯ ಅಲ್ಲ, ಹಾಗಾಗಿ ಬಹಳ ಕಡೆ ಯಾರೂ ಹಣ ಹಾಕುವುದಿಲ್ಲ. ಈಗ ಕಾರ್ಬನ್ ಕ್ರೆಡಿಟ್ (ತಡೆದ ಮಾಲಿನ್ಯಕ್ಕೆ ಸಿಗುವ, ಮಾರಬಹುದಾದ ಪತ್ರ) ಕೊಡುವ ಕೆಲವು ಯೋಜನೆಗಳು ಆ ಜಾಗವನ್ನು ತುಂಬಲು ನೋಡುತ್ತಿವೆ. ಅದರ ಮಾತು ಕೊನೆಗೆ.

ಹಂತ 1: ಯಾವುದನ್ನು ನಾಶ ಮಾಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು

ಎಲ್ಲ ಹಳೆಯ ಗ್ಯಾಸನ್ನೂ ಸುಡಬೇಕು ಅಂತ ಇಲ್ಲ. ಆರ್-11, ಆರ್-12, ಆರ್-502ರಂಥ ಸಿಎಫ್‌ಸಿ ಇರುವ ಗ್ಯಾಸ್ ಸಿಕ್ಕಿದರೆ ನಾಶವೇ ಸರಿ. ಅದನ್ನು ಇನ್ನೊಂದು ಹಳೆಯ, ಸೋರುವ ಯಂತ್ರಕ್ಕೆ ತುಂಬಿದರೆ ಇಂದಲ್ಲ ನಾಳೆ ಗಾಳಿಗೇ ಹೋಗುತ್ತದೆ.

ಆರ್-22 ವಿಷಯ ಬೇರೆ. ಭೂಮಿಯನ್ನು ಬಿಸಿ ಮಾಡುವ ಅದರ ಶಕ್ತಿ ಕಾರ್ಬನ್ ಡೈಆಕ್ಸೈಡ್‌ನ 1,810 ಪಟ್ಟು. ಓಝೋನ್‌ಗೆ ಮಾಡುವ ಹಾನಿ ಆರ್-12ರ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು. ನಮ್ಮಂಥ ಅಭಿವೃದ್ಧಿಶೀಲ ದೇಶಗಳು ಆರ್-22 ಸೇರಿರುವ ಎಚ್‌ಸಿಎಫ್‌ಸಿ ಗುಂಪಿನ ಬಳಕೆಯನ್ನು 2025ಕ್ಕೆ ಶೇ. 67.5ರಷ್ಟು ಇಳಿಸಬೇಕಿತ್ತು, 2030ಕ್ಕೆ ಬಹುತೇಕ ನಿಲ್ಲಿಸಬೇಕು. ಸರ್ವಿಸ್‌ಗಾಗಿ ಅಲ್ಪ ಪ್ರಮಾಣ 2040ರವರೆಗೆ ನಡೆಯುತ್ತದೆ. ಅಂದರೆ ಆರ್-22 ಬೇಕಾದ ಯಂತ್ರಗಳು ಇನ್ನೂ ಓಡುತ್ತಿವೆ. ಶುದ್ಧವಾದ ಆರ್-22 ಸಿಕ್ಕಿದರೆ ಅದನ್ನು ರಿಕ್ಲೇಮ್ ಮಾಡಿಸಿ (ಶುದ್ಧೀಕರಿಸಿ ಹೊಸದರ ಗುಣಮಟ್ಟಕ್ಕೆ ತರಿಸಿ) ಮತ್ತೆ ಬಳಸುವುದೇ ಮೇಲು ಅಂತ ನನ್ನ ಅಭಿಪ್ರಾಯ. ಅಷ್ಟು ಹೊಸ ಗ್ಯಾಸ್ ತಯಾರಾಗುವುದು ತಪ್ಪುತ್ತದೆ. ಬೇರೆ ಗ್ಯಾಸ್ ಬೆರೆತು ಕೆಟ್ಟಿದ್ದರೆ ಮಾತ್ರ ನಾಶಕ್ಕೆ ಕಳಿಸಿ.

ಆರ್-134ಎ, ಆರ್-410ಎ ಓಝೋನ್‌ಗೆ ಹಾನಿ ಮಾಡುವುದಿಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಕಡಿಮೆ ಏನಿಲ್ಲ: 1,430 ಮತ್ತು 2,088. ಕೆಳಗಿನ ಹಂತಗಳು ಅವಕ್ಕೂ ಹೊಂದುತ್ತವೆ.

ಹಂತ 2: ಎಲ್ಲಿದೆ ಅಂತ ಹುಡುಕಿ

2003ಕ್ಕಿಂತ ಹಳೆಯ ಮನೆ ಫ್ರಿಜ್, ಡೀಪ್ ಫ್ರೀಜರ್, ವಾಟರ್ ಕೂಲರ್‌ಗಳಲ್ಲಿ ಆರ್-12 ಇರುವ ಸಾಧ್ಯತೆ ಹೆಚ್ಚು. ಹಳೆಯ ಕಾರು, ಬಸ್ಸುಗಳ ಎಸಿಯಲ್ಲೂ ಇರಬಹುದು. ಆದರೆ ಒಂದೊಂದು ಫ್ರಿಜ್‌ನಿಂದ ಸಿಗುವುದು ನೂರಿನ್ನೂರು ಗ್ರಾಂ. ದೊಡ್ಡ ಗಂಟು ಇರುವುದು ಎರಡು ಕಡೆ.

ಒಂದು, ಹಳೆಯ ದೊಡ್ಡ ಕಟ್ಟಡಗಳ ಸೆಂಟ್ರಿಫ್ಯೂಗಲ್ ಚಿಲ್ಲರ್, ಅಂದರೆ ಇಡೀ ಕಟ್ಟಡದ ಎಸಿಗೆ ನೀರು ತಣ್ಣಗೆ ಮಾಡುವ ದೊಡ್ಡ ಯಂತ್ರ. ಒಂದರಲ್ಲೇ ನೂರಾರು ಕಿಲೋ ಆರ್-11 ಇರಬಹುದು. 500 ಕಿಲೋ ಅಂತ ಇಟ್ಟುಕೊಂಡರೆ 2,375 ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಚಿಲ್ಲರ್ ಬದಲಾಯಿಸುವ ಟೆಂಡರ್‌ನಲ್ಲಿ ಹಳೆಯ ಯಂತ್ರದ ಕಬ್ಬಿಣ, ತಾಮ್ರದ ಬೆಲೆ ಇರುತ್ತದೆ. ಗ್ಯಾಸ್ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಆ ಒಂದು ಸಾಲನ್ನು ಸೇರಿಸಿ: 'ಗ್ಯಾಸನ್ನು ಪೂರ್ತಿ ತೆಗೆದು, ತೂಕ ಮಾಡಿ, ಸಿಲಿಂಡರ್ ನಂಬರ್ ಸಮೇತ ಲೆಕ್ಕ ಕೊಡಬೇಕು.' ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ದೊಡ್ಡ ಹೆಜ್ಜೆ ಇದೇ.

ಇನ್ನೊಂದು, ಸ್ಟೋರ್ ರೂಮು. ಸಿಎಫ್‌ಸಿ ನಿಲ್ಲುವ ಹೊತ್ತಿಗೆ ಕೆಲವರು ಮುಂದಕ್ಕೆ ಬೇಕಾಗುತ್ತದೆ ಅಂತ ಸಿಲಿಂಡರ್ ಕೊಂಡಿಟ್ಟರು. ಯಂತ್ರ ಹೋಯಿತು, ಸಿಲಿಂಡರ್ ಉಳಿಯಿತು. ತುಕ್ಕು ಹಿಡಿದ ವಾಲ್ವ್‌ನಿಂದ ನಿಧಾನಕ್ಕೆ ಸೋರುತ್ತಾ ಮೂಲೆಯಲ್ಲಿ ಕೂತಿರುತ್ತದೆ. ಸ್ಟಾಕ್ ಪುಸ್ತಕದಲ್ಲಿ ಹೆಸರಿದ್ದರೆ ತೂಕ ಮಾಡಿ ನೋಡಿ.

ಹಂತ 3: ಒಳಗಿರುವುದು ಯಾವ ಗ್ಯಾಸ್ ಅಂತ ಖಚಿತ ಮಾಡಿಕೊಳ್ಳಿ

ಮೊದಲು ನೇಮ್ ಪ್ಲೇಟ್ ನೋಡಿ. ಕಂಪ್ರೆಸರ್ ಮೇಲೆ ಅಥವಾ ಫ್ರಿಜ್ ಹಿಂಭಾಗದಲ್ಲಿ ಗ್ಯಾಸಿನ ಹೆಸರು, ತೂಕ ಇರುತ್ತದೆ. ಆದರೆ ಅದನ್ನೇ ನಂಬಬೇಡಿ. ಇಪ್ಪತ್ತು ಮೂವತ್ತು ವರ್ಷದ ಫ್ರಿಜ್ ಎಷ್ಟೋ ಸಲ ರಿಪೇರಿ ಆಗಿರುತ್ತದೆ. ಆರ್-12 ಸಿಗುವುದು ಕಷ್ಟ ಆದ ಮೇಲೆ ಅದೇ ಫ್ರಿಜ್‌ಗಳಿಗೆ ಪ್ರೊಪೇನ್ ಮತ್ತು ಐಸೋಬ್ಯುಟೇನ್ ಬೆರೆಸಿದ ಎಚ್‌ಸಿ ಬ್ಲೆಂಡ್ ತುಂಬುವುದು ನಮ್ಮಲ್ಲಿ ರೂಢಿಯಾಯಿತು. ಅದು ಅಡುಗೆ ಗ್ಯಾಸಿನ ಹಾಗೆ ಹತ್ತಿಕೊಳ್ಳುತ್ತದೆ. ಮಾಮೂಲಿ ರಿಕವರಿ ಮಷಿನ್‌ಗೆ (ಗ್ಯಾಸನ್ನು ಎಳೆದು ಸಿಲಿಂಡರ್‌ಗೆ ತುಂಬುವ ಯಂತ್ರ) ಅದನ್ನು ಎಳೆದರೆ ಒಳಗಿನ ಮೋಟಾರಿನ ಕಿಡಿಯೇ ಸಾಕು, ಬೆಂಕಿ ಹೊತ್ತಿಕೊಳ್ಳಲು.

ಗೇಜ್ ಹಾಕಿ ಒತ್ತಡ ನೋಡಿದರೆ ಗೊತ್ತಾಗುತ್ತದೆ ಅಲ್ವಾ ಅಂತ ಕೇಳಬಹುದು. ಅರ್ಧ ಮಟ್ಟಿಗೆ ಮಾತ್ರ. ಯಂತ್ರ ನಿಂತು, ಒಳಗೆ ದ್ರವ ಇದ್ದು, ಎಲ್ಲ 30 ಡಿಗ್ರಿಗೆ ಬಂದಿದ್ದರೆ ಆರ್-12 ಸುಮಾರು 93 ಪಿಎಸ್‌ಐ ತೋರಿಸುತ್ತದೆ. ಆರ್-134ಎ ಸುಮಾರು 97. ಈ ಎರಡನ್ನು ಗೇಜಿನಿಂದ ಬೇರೆ ಮಾಡಲು ಆಗುವುದೇ ಇಲ್ಲ. ಆರ್-22 ಸುಮಾರು 158, ಪ್ರೊಪೇನ್ 142ರ ಆಸುಪಾಸು. ಗ್ಯಾಸ್ ಬೆರೆತಿದ್ದರೆ ಮುಳ್ಳು ಎಲ್ಲೋ ನಡುವೆ ನಿಂತು ದಾರಿ ತಪ್ಪಿಸುತ್ತದೆ. ಇನ್ನು ಒಳಗೆ ತುಂಬಿದ್ದ ಗ್ಯಾಸ್ ಅರ್ಧ ಸೋರಿ ದ್ರವವೇ ಇಲ್ಲದಿದ್ದರೆ ಈ ಅಂಕಿಗಳಿಗೆ ಅರ್ಥವೇ ಇಲ್ಲ.

ಹಾಗಾಗಿ ಗ್ಯಾಸ್ ಐಡೆಂಟಿಫೈಯರ್ ಬೇಕು. ಚಿಕ್ಕ ಸ್ಯಾಂಪಲ್ ಎಳೆದುಕೊಂಡು ಯಾವ ಗ್ಯಾಸ್ ಎಷ್ಟು ಪಾಲು ಇದೆ, ಹೈಡ್ರೋಕಾರ್ಬನ್ ಇದೆಯಾ ಅಂತ ಹೇಳುವ ಉಪಕರಣ. ಬೆಲೆ ಜಾಸ್ತಿ, ನಿಜ. ಒಂದು ಊರಿನ ಹತ್ತು ಮೆಕ್ಯಾನಿಕ್‌ಗಳು ಸೇರಿ ಒಂದನ್ನು ಕೊಳ್ಳಬಹುದು. ಅದಿಲ್ಲದೆ ಕೆಲಸ ಮಾಡುವುದಾದರೆ ಒಂದು ನಿಯಮ ಇಟ್ಟುಕೊಳ್ಳಿ: ಹಿಂದೆ ರಿಪೇರಿಯಾಗಿ ಪೈಪಿಗೆ ಹೊಸ ಬೆಸುಗೆ ಬಿದ್ದಿರುವ ಫ್ರಿಜ್‌ನ ಗ್ಯಾಸ್, ಗೊತ್ತಿಲ್ಲದ ಗ್ಯಾಸ್. ಅದನ್ನು ಹತ್ತಿಕೊಳ್ಳುವ ಗ್ಯಾಸ್ ಅಂತಲೇ ತಿಳಿದು, ಅದಕ್ಕೆ ಹೊಂದುವ ಮಷಿನ್ ಇದ್ದರೆ ಮಾತ್ರ ಎಳೆಯಿರಿ. ಎಳೆದದ್ದು ಬೇರೆಯದೇ ಸಿಲಿಂಡರ್‌ಗೆ ಹೋಗಬೇಕು.

ಹಂತ 4: ಹಿಡಿಯುವುದು

ಬೇಕಾದ ಸಾಮಾನು: ರಿಕವರಿ ಮಷಿನ್, ಮ್ಯಾನಿಫೋಲ್ಡ್ ಗೇಜ್, ಚಿಕ್ಕ ಹೋಸ್‌ಗಳು, ಪೈಪಿಗೆ ತೂತು ಮಾಡಿ ಕೂರುವ ವಾಲ್ವ್, ಡಿಜಿಟಲ್ ತೂಕದ ಯಂತ್ರ, ಫಿಲ್ಟರ್ ಡ್ರೈಯರ್, ಮತ್ತೆ ತುಂಬಿಸಬಹುದಾದ ರಿಕವರಿ ಸಿಲಿಂಡರ್. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್. ದ್ರವ ರೂಪದ ಆರ್-12 ಹೊರಗೆ ಬಂದರೆ ಮೈನಸ್ 30 ಡಿಗ್ರಿಗೆ ಇಳಿಯುತ್ತದೆ. ಚರ್ಮಕ್ಕೆ ತಗುಲಿದರೆ ಸುಟ್ಟ ಗಾಯದ ಹಾಗೇ ಆಗುತ್ತದೆ. ಈ ಗ್ಯಾಸ್‌ಗಳು ಗಾಳಿಗಿಂತ ಭಾರ. ಬೇಸ್‌ಮೆಂಟ್‌ನಲ್ಲಿ ಸೋರಿದರೆ ಕೆಳಗೆ ಮಡುಗಟ್ಟಿ ಉಸಿರು ಕಟ್ಟಿಸುತ್ತವೆ. ಕಿಟಕಿ, ಬಾಗಿಲು ತೆರೆದೇ ಕೆಲಸ ಮಾಡಿ.

ಬ್ಲೋ ಟಾರ್ಚ್ ಹತ್ತಿರ ತರಬೇಡಿ. ಸಿಎಫ್‌ಸಿ ಆಗಲಿ ಆರ್-22 ಆಗಲಿ ಬೆಂಕಿಯ ಉರಿಗೆ ಸಿಕ್ಕರೆ ಹೈಡ್ರೋಫ್ಲೋರಿಕ್, ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತವೆ, ಸ್ವಲ್ಪ ಫಾಸ್ಜೀನ್ ವಿಷಾನಿಲವೂ ಬರಬಹುದು. 'ಸುಟ್ಟರೆ ನಾಶ ಆಗುತ್ತದಲ್ಲ, ನಾವೇ ಸುಟ್ಟುಬಿಡೋಣ' ಅಂತ ಯಾರಾದರೂ ಹೇಳಿದರೆ ದಯವಿಟ್ಟು ತಡೆಯಿರಿ. ಪ್ರಾಣ ಹೋಗುವ ಕೆಲಸ ಅದು.

ಚಿಕ್ಕ ಫ್ರಿಜ್‌ನಲ್ಲಿ ಕ್ರಮ ಹೀಗೆ. ಖಾಲಿ ರಿಕವರಿ ಸಿಲಿಂಡರ್‌ಗೆ ಮೊದಲು ವ್ಯಾಕ್ಯೂಮ್ ಹಾಕಿ. ಒಳಗೆ ಗಾಳಿ ಉಳಿದರೆ ಒತ್ತಡ ಸುಮ್ನೆ ಏರುತ್ತದೆ, ಮುಂದೆ ಲ್ಯಾಬ್ ಪರೀಕ್ಷೆಯಲ್ಲೂ ತೊಂದರೆ. ಸಿಲಿಂಡರನ್ನು ತೂಕದ ಯಂತ್ರದ ಮೇಲಿಟ್ಟು ತೂಕ ಬರೆದುಕೊಳ್ಳಿ. ಕಂಪ್ರೆಸರ್‌ನ ಚಾರ್ಜಿಂಗ್ ಪೈಪಿಗೆ ತೂತಿನ ವಾಲ್ವ್ ಕೂರಿಸಿ. ಕಂಪ್ರೆಸರ್ ಓಡುವ ಸ್ಥಿತಿಯಲ್ಲಿದ್ದರೆ ಮೊದಲು ಕೆಲವು ನಿಮಿಷ ಓಡಿಸಿ. ಯಾಕೆಂದರೆ ಗ್ಯಾಸಿನ ಸ್ವಲ್ಪ ಭಾಗ ಕಂಪ್ರೆಸರ್ ಎಣ್ಣೆಯಲ್ಲಿ ಕರಗಿ ಕೂತಿರುತ್ತದೆ. ಎಣ್ಣೆ ಬಿಸಿಯಾದರೆ ಅದು ಬಿಟ್ಟುಕೊಡುತ್ತದೆ. ಓಡದ ಕಂಪ್ರೆಸರ್ ಆದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿ. ವೈರ್ ಕನೆಕ್ಷನ್ ಮೊದಲು ತೆಗೆದಿರಬೇಕು.

ಆಮೇಲೆ ಮಷಿನ್ ಹಾಕಿ ಎಳೆಯಿರಿ. ಮುಳ್ಳು ಸೊನ್ನೆ ದಾಟಿ ವ್ಯಾಕ್ಯೂಮ್ ಕಡೆ ಹೋದ ಮೇಲೆ ನಿಲ್ಲಿಸಿ ಐದು ನಿಮಿಷ ಕಾಯಿರಿ. ಒತ್ತಡ ಮತ್ತೆ ಏರಿದರೆ ಎಣ್ಣೆಯಿಂದ ಗ್ಯಾಸ್ ಇನ್ನೂ ಬರುತ್ತಿದೆ ಅಂತ ಅರ್ಥ. ಮತ್ತೆ ಎಳೆಯಿರಿ. ಅಮೆರಿಕದ ನಿಯಮದಲ್ಲಿ ಚಿಕ್ಕ ಉಪಕರಣಗಳಿಗೆ ಒಂದು ಅಳತೆ ಇದೆ: ಕಂಪ್ರೆಸರ್ ಓಡುತ್ತಿದ್ದರೆ ಶೇ. 90, ಓಡದಿದ್ದರೆ ಶೇ. 80ರಷ್ಟು ಗ್ಯಾಸ್ ಸಿಗಬೇಕು. ನಾವೂ ಇದನ್ನೇ ಕನಿಷ್ಠ ಅಂತ ಇಟ್ಟುಕೊಳ್ಳಬಹುದು. ಅಂದಹಾಗೆ, ಅಲ್ಲಿ ಸಿಎಫ್‌ಸಿ ಮತ್ತು ಆರ್-22 ಗುಂಪಿನ ಗ್ಯಾಸನ್ನು ಬೇಕಂತಲೇ ಗಾಳಿಗೆ ಬಿಡುವುದು 1992ರ ಜುಲೈನಿಂದಲೇ ಅಪರಾಧ.

ಚಿಲ್ಲರ್‌ನಲ್ಲಿ ಕೆಲಸ ಬೇರೆ ರೀತಿ. ಆರ್-11 ಸುಮಾರು 24 ಡಿಗ್ರಿಗೆ ಕುದಿಯುತ್ತದೆ. ಹಾಗಾಗಿ ತಂಪು ಹೊತ್ತಿನಲ್ಲಿ ಅದು ನೀರಿನ ಹಾಗೆ ದ್ರವವಾಗಿಯೇ ಇರುತ್ತದೆ. ಮೊದಲು ಪಂಪಿನಿಂದ ದ್ರವ ತೆಗೆಯುತ್ತಾರೆ. ಬಹಳ ಕಡೆ ಅಲ್ಲಿಗೇ ನಿಲ್ಲಿಸಿ 'ಖಾಲಿಯಾಯಿತು' ಅಂದುಬಿಡುತ್ತಾರೆ. ಆದರೆ ಅಷ್ಟು ದೊಡ್ಡ ಶೆಲ್ (ಯಂತ್ರದ ಹೊರಕವಚ) ತುಂಬ ಆವಿ ಉಳಿದಿರುತ್ತದೆ. ಅದೇ ಹತ್ತಾರು ಕಿಲೋ ತೂಗಬಹುದು. ಕಡಿಮೆ ಒತ್ತಡದ ಗ್ಯಾಸ್‌ಗೆ ಅಂತಲೇ ಇರುವ ಮಷಿನ್ ಹಾಕಿ ವ್ಯಾಕ್ಯೂಮ್‌ವರೆಗೆ ಎಳೆಯಲೇಬೇಕು. ಆ ಹೊತ್ತಿನಲ್ಲಿ ಟ್ಯೂಬ್‌ಗಳಲ್ಲಿ ನೀರು ಓಡುತ್ತಿರಲಿ. ಇಲ್ಲದಿದ್ದರೆ ಒಳಗಿನ ನೀರು ಹೆಪ್ಪುಗಟ್ಟಿ ಟ್ಯೂಬ್ ಒಡೆಯುತ್ತದೆ. ಒಡೆದರೆ ನೀರು ಗ್ಯಾಸಿಗೆ ಸೇರಿ ಇಡೀ ಸರಕು ಹಾಳು.

ಹಂತ 5: ಸಿಲಿಂಡರ್, ಚೀಟಿ, ಪುಸ್ತಕ

ಒಂದು ಸಿಲಿಂಡರ್‌ಗೆ ಒಂದೇ ಗ್ಯಾಸ್. ಇದು ಮುರಿಯಬಾರದ ನಿಯಮ. ಹತ್ತು ಕಿಲೋ ಶುದ್ಧ ಆರ್-22ಗೆ ಅರ್ಧ ಕಿಲೋ ಆರ್-12 ಬೆರೆಸಿದರೆ ರಿಕ್ಲೇಮ್ ಮಾಡಬಹುದಾಗಿದ್ದ ಹತ್ತು ಕಿಲೋ ಸರಕೂ ಕಸ ಆಯಿತು. ಬೇರ್ಪಡಿಸುವ ಖರ್ಚು ಯಾರೂ ಕೊಡುವುದಿಲ್ಲ.

ಬಳಸಿ ಬಿಸಾಡುವ ತಗಡಿನ ಸಿಲಿಂಡರ್‌ಗೆ ಗ್ಯಾಸ್ ಮತ್ತೆ ತುಂಬಬೇಡಿ. ಅದರ ವಾಲ್ವ್, ಗೋಡೆ ಎರಡೂ ಆ ಕೆಲಸಕ್ಕೆ ಮಾಡಿದ್ದಲ್ಲ. ನಮ್ಮಲ್ಲಿ ಸಿಲಿಂಡರ್‌ಗೆ ಒಪ್ಪಿಗೆ ಕೊಡುವುದು ಪೆಸೊ, ಅಂದರೆ ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ಒಪ್ಪಿಗೆ ಇರುವ ಸಿಲಿಂಡರ್ ಕುತ್ತಿಗೆಯ ಮೇಲೆ ಪರೀಕ್ಷೆಯ ದಿನಾಂಕ ಕೊರೆದಿರುತ್ತದೆ. ಅವಧಿ ಮುಗಿದಿದ್ದರೆ ಮುಟ್ಟಬೇಡಿ.

ಎಷ್ಟು ತುಂಬಬೇಕು? ಪೂರ್ತಿ ತುಂಬಲೇಬಾರದು. ಬಿಸಿಲಿಗೆ ದ್ರವ ಉಬ್ಬಿದರೆ ಉಬ್ಬಲು ಜಾಗ ಬೇಕು. ಆರ್-12, ಆರ್-22ರಂಥ ಗ್ಯಾಸ್ ಆದರೆ ಸಿಲಿಂಡರಿನಲ್ಲಿ ಹಿಡಿಯುವ ನೀರಿನ ತೂಕದ ಶೇ. 80 ದಾಟಬೇಡಿ (ಎಚ್‌ಸಿ ಬ್ಲೆಂಡ್ ಬಹಳ ಹಗುರ, ಅದಕ್ಕೆ ಈ ಲೆಕ್ಕ ಹೊಂದುವುದಿಲ್ಲ). 14 ಲೀಟರ್ ನೀರು ಹಿಡಿಯುವ ಸಿಲಿಂಡರ್ ಆದರೆ 11.2 ಕಿಲೋಗೆ ನಿಲ್ಲಿಸಿ. ಎಣ್ಣೆ ಬೆರೆತ ಗ್ಯಾಸ್ ಇನ್ನೂ ಹಗುರ, ಹೆಚ್ಚು ಜಾಗ ತಿನ್ನುತ್ತದೆ. ಅದಕ್ಕೆ ಇನ್ನಷ್ಟು ಕಡಿಮೆ.

ಪ್ರತಿ ಸಿಲಿಂಡರ್‌ಗೂ ಒಂದು ಚೀಟಿ: ಗ್ಯಾಸಿನ ಹೆಸರು, ಖಾಲಿ ತೂಕ, ತುಂಬಿದ ತೂಕ, ದಿನಾಂಕ. ಪುಸ್ತಕದಲ್ಲಿ ಇದರ ಜೊತೆಗೆ ಯಾವ ಯಂತ್ರದಿಂದ ಬಂತು, ಅದರ ಸೀರಿಯಲ್ ನಂಬರ್, ಯಾರ ಜಾಗ, ಯಾರು ತೆಗೆದರು. ಮೊಬೈಲ್‌ನಲ್ಲಿ ನೇಮ್ ಪ್ಲೇಟ್ ಫೋಟೋ ತೆಗೆದಿಡಿ. ಇದು ಬೇಸರದ ಕೆಲಸ ಅಂತ ಗೊತ್ತು. ಆದರೆ ಗ್ಯಾಸ್ ನಿಜಕ್ಕೂ ಹಳೆಯ ಯಂತ್ರದ್ದೇ ಅಂತ ತೋರಿಸಲು ಬೇರೆ ದಾರಿ ಇಲ್ಲ. ತಿಂಗಳಿಗೊಮ್ಮೆ ಸಿಲಿಂಡರ್‌ಗಳನ್ನು ಮತ್ತೆ ತೂಕ ಮಾಡಿ. ಕಡಿಮೆಯಾಗಿದ್ದರೆ ಸೋರುತ್ತಿದೆ. ನೆರಳಲ್ಲಿ, ಗಾಳಿಯಾಡುವ ಕಡೆ, ನೆಟ್ಟಗೆ ನಿಲ್ಲಿಸಿ.

ಫೋಮ್ ಮರೆಯಬೇಡಿ

ಹಳೆಯ ಫ್ರಿಜ್‌ನ ಗೋಡೆಯೊಳಗಿನ ಹಳದಿ ಫೋಮ್ ಉಬ್ಬಿಸಲು ಆರ್-11 ಬಳಸುತ್ತಿದ್ದರು. ಪೈಪಿನಲ್ಲಿರುವುದಕ್ಕಿಂತ ಫೋಮಿನಲ್ಲಿರುವುದೇ ಎಷ್ಟೋ ಸಲ ಜಾಸ್ತಿ. ಕೊಡಲಿಯಿಂದ ಒಡೆದರೆ, ಬಯಲಲ್ಲಿ ಸುಟ್ಟರೆ ಅದೂ ಗಾಳಿಗೆ. ಇದನ್ನು ಗ್ಯಾರೇಜಿನಲ್ಲಿ ಹಿಡಿಯಲು ಆಗುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಪುಡಿ ಮಾಡಿ, ಹೊರಬಂದ ಗ್ಯಾಸನ್ನು ತಂಪು ಮಾಡಿ ಹಿಡಿಯುವ ಘಟಕ ಬೇಕು. 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಫ್ರಿಜ್, ಎಸಿಗಳೂ ಸೇರಿವೆ. ನೋಂದಣಿ ಇರುವ ಮರುಬಳಕೆ ಘಟಕಕ್ಕೇ ಕೊಡಿ. ಕೊಡುವ ಮೊದಲು ನೇರವಾಗಿ ಕೇಳಿ: 'ಫೋಮಿನ ಗ್ಯಾಸ್ ಹೇಗೆ ಹಿಡಿಯುತ್ತೀರಿ?' ನೋಂದಣಿ ಇದೆ ಅಂದ ಮಾತ್ರಕ್ಕೆ ಆ ಯಂತ್ರ ಇದೆ ಅಂತ ಅಲ್ಲ.

ಹಂತ 6: ಒಟ್ಟುಗೂಡಿಸಿ ಪರೀಕ್ಷೆ ಮಾಡಿಸಿ

ಚಿಕ್ಕ ಸಿಲಿಂಡರ್‌ಗಳನ್ನು ಒಂದೊಂದಾಗಿ ನಾಶಕ್ಕೆ ಕಳಿಸಿದರೆ ಖರ್ಚು ತಡೆಯುವುದಿಲ್ಲ. ಗ್ಯಾಸಿನ ಬಗೆ ನೋಡಿಕೊಂಡು ದೊಡ್ಡ ಟ್ಯಾಂಕಿಗೆ ಸೇರಿಸಬೇಕು. ನಂತರ ಬೇರೆಯವರ ಕೈಯಿಂದ, ಅಂದರೆ ಈ ಗ್ಯಾಸಿನಲ್ಲಿ ಲಾಭ ನಷ್ಟ ಇಲ್ಲದವರ ಕೈಯಿಂದ, ದ್ರವದ ಸ್ಯಾಂಪಲ್ ತೆಗೆಸಬೇಕು. ಲ್ಯಾಬ್ ಸಾಮಾನ್ಯವಾಗಿ ಎಎಚ್‌ಆರ್‌ಐ 700 ಎಂಬ ಮಾನದಂಡದ ಪ್ರಕಾರ ನೋಡುತ್ತದೆ: ಯಾವ ಗ್ಯಾಸ್ ಶೇಕಡಾ ಎಷ್ಟು, ನೀರಿನ ಅಂಶ ಎಷ್ಟು, ಎಣ್ಣೆಯಂಥ ಕುದಿಯದ ಉಳಿಕೆ ಎಷ್ಟು. ಮಿಶ್ರ ಗ್ಯಾಸ್ ಆದರೆ ಸ್ಯಾಂಪಲ್ ತೆಗೆಯುವ ಮೊದಲು ಟ್ಯಾಂಕಿನೊಳಗೆ ಪಂಪಿನಿಂದ ಸುತ್ತಿಸಿ ಸಮವಾಗಿ ಬೆರೆಸಬೇಕು. ಇಲ್ಲದಿದ್ದರೆ ಮೇಲಿನದು ಒಂದು ಹೇಳುತ್ತದೆ, ಕೆಳಗಿನದು ಇನ್ನೊಂದು.

ಹಂತ 7: ಸುಡುವ ಜಾಗವನ್ನು ಆರಿಸುವುದು

ಸಿಎಫ್‌ಸಿ ಗಟ್ಟಿ ಅಣು. ಅದನ್ನು ಒಡೆಯಲು ಜೋರು ಬಿಸಿ ಬೇಕು, ಆ ಬಿಸಿಯಲ್ಲಿ ಅದು ಸಾಕಷ್ಟು ಹೊತ್ತು ಇರಬೇಕು, ಗಾಳಿಯ ಜೊತೆ ಚೆನ್ನಾಗಿ ಬೆರೆಯಬೇಕು. ಆರ್-12 ಮತ್ತು ನೀರಿನ ಆವಿ ಸೇರಿ ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಕ್ಲೋರೈಡ್, ಹೈಡ್ರೋಜನ್ ಫ್ಲೋರೈಡ್ ಆಗುತ್ತವೆ. ಒಂದು ಕಿಲೋ ಆರ್-12 ಒಡೆದರೆ ಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು 360 ಗ್ರಾಂ ಅಷ್ಟೇ. ಬಿಟ್ಟಿದ್ದರೆ 10,900 ಕಿಲೋಗೆ ಸಮ ಆಗುತ್ತಿತ್ತು. ಇಡೀ ಕೆಲಸದ ಲಾಭ ಈ ಎರಡು ಅಂಕಿಗಳ ನಡುವೆ ಇದೆ.

ಆದರೆ ಅದೇ ಒಂದು ಕಿಲೋದಿಂದ ಸುಮಾರು 600 ಗ್ರಾಂ ಹೈಡ್ರೋಜನ್ ಕ್ಲೋರೈಡ್, 330 ಗ್ರಾಂ ಹೈಡ್ರೋಜನ್ ಫ್ಲೋರೈಡ್ ಕೂಡ ಬರುತ್ತವೆ. ಇವನ್ನು ಸುಣ್ಣ ಅಥವಾ ಕಾಸ್ಟಿಕ್ ದ್ರಾವಣದಲ್ಲಿ ತೊಳೆದು ಲವಣ ಮಾಡಬೇಕು. ಇನ್ನೊಂದು ಅಪಾಯ ಡಯಾಕ್ಸಿನ್ ಎಂಬ ವಿಷ ರಾಸಾಯನಿಕ. ಹೊಗೆ 450ರಿಂದ 200 ಡಿಗ್ರಿಗೆ ನಿಧಾನಕ್ಕೆ ತಣ್ಣಗಾದರೆ ಅದು ಹುಟ್ಟಿಕೊಳ್ಳುತ್ತದೆ. ಅದಕ್ಕೇ ಒಳ್ಳೆಯ ಘಟಕಗಳಲ್ಲಿ ಹೊಗೆಗೆ ನೀರು ಚಿಮ್ಮಿಸಿ ಒಮ್ಮೆಲೇ ತಣ್ಣಗೆ ಮಾಡುತ್ತಾರೆ.

ಮಾಂಟ್ರಿಯಲ್ ಒಪ್ಪಂದದ ದೇಶಗಳು ಒಪ್ಪಿರುವ ತಂತ್ರಗಳು ಹಲವು. ತಿರುಗುವ ಕುಲುಮೆ, ದ್ರವವನ್ನು ಚಿಮ್ಮಿಸಿ ಸುಡುವ ಕುಲುಮೆ, ಸಿಮೆಂಟ್ ಕುಲುಮೆ, ಆರ್ಗಾನ್ ಪ್ಲಾಸ್ಮಾ ಹೀಗೆ. ಶುದ್ಧ ಗ್ಯಾಸ್‌ಗೆ ಶೇ. 99.99ರಷ್ಟು ನಾಶ ಆಗಬೇಕು, ಫೋಮ್‌ಗೆ ಶೇ. 95. ಪ್ಲಾಸ್ಮಾ ವಿಧಾನವನ್ನು ಆಸ್ಟ್ರೇಲಿಯಾದಲ್ಲಿ ಬೆಳೆಸಿದರು. ಅದರ ಬಿಸಿ 10,000 ಡಿಗ್ರಿ ಮುಟ್ಟುತ್ತದೆ. ಘಟಕ ಚಿಕ್ಕದು, ಕೆಲಸ ಶುಚಿ, ಕರೆಂಟ್ ಖರ್ಚು ಜಾಸ್ತಿ.

ನಮಗೆ ಹತ್ತಿರದ ದಾರಿ ಅಂತ ನನಗೆ ಕಾಣುವುದು ಸಿಮೆಂಟ್ ಕುಲುಮೆ. ಒಳಗೆ ಕಲ್ಲು 1,450 ಡಿಗ್ರಿಗೆ ಬೇಯುತ್ತದೆ, ಉರಿ 2,000 ಡಿಗ್ರಿ ಹತ್ತಿರ ಇರುತ್ತದೆ. ಸುಣ್ಣ ಅಲ್ಲೇ ಬೇಕಾದಷ್ಟು ಇರುವುದರಿಂದ ಆಮ್ಲವನ್ನು ಅದೇ ಹೀರಿಕೊಳ್ಳುತ್ತದೆ. ಜಪಾನ್ ಮತ್ತು ಇಂಡೋನೇಷ್ಯಾದಲ್ಲಿ ಹೀಗೆ ಸಿಎಫ್‌ಸಿ ನಾಶ ಮಾಡಿದ್ದಾರೆ. ಕಲಬುರಗಿ ಜಿಲ್ಲೆಯ ವಾಡಿ, ಮಳಖೇಡದ ಕಡೆ ದೊಡ್ಡ ಕುಲುಮೆಗಳಿವೆ. ಆದರೆ ಕುಲುಮೆ ಇದ್ದರೆ ಸಾಲದು. ಗ್ಯಾಸನ್ನು ಉರಿ ಇರುವ ಬಿಸಿ ತುದಿಯಲ್ಲೇ ಬಿಡಬೇಕು. ಕಚ್ಚಾ ಪುಡಿಯ ಜೊತೆ ತಣ್ಣನೆ ತುದಿಯಲ್ಲಿ ಬಿಟ್ಟರೆ ಒಡೆಯದೆ ಚಿಮಣಿಯಿಂದ ಹೊರಗೆ ಹೋಗುತ್ತದೆ. ಕ್ಲೋರಿನ್ ಜಾಸ್ತಿಯಾದರೆ ಕಚ್ಚಾ ಪುಡಿಯನ್ನು ಮೊದಲು ಬಿಸಿ ಮಾಡುವ ಪ್ರಿಹೀಟರ್‌ನಲ್ಲಿ ಗಟ್ಟಿ ಕಟ್ಟಿ ದಾರಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಗಂಟೆಗೆ ಇಷ್ಟೇ ಕಿಲೋ ಅಂತ ಮಿತಿ ಇಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯಲ್ಲಿ ಈ ಗ್ಯಾಸಿನ ಹೆಸರು ಇರಲೇಬೇಕು. 2000ದ ಓಝೋನ್ ನಿಯಮಗಳ ಪ್ರಕಾರ ಇಂಥ ಗ್ಯಾಸ್ ರಿಕ್ಲೇಮ್ ಮಾಡಲು, ನಾಶ ಮಾಡಲು ನೋಂದಣಿಯೂ ಬೇಕು.

ಘಟಕದವರ ಜೊತೆ ಮಾತಾಡುವಾಗ ಈ ಪ್ರಶ್ನೆಗಳನ್ನು ಬಿಡಬೇಡಿ. ಶೇ. 99.99 ನಾಶದ ಪರೀಕ್ಷೆ ಯಾವ ಅನಿಲದ ಮೇಲೆ ಮಾಡಿದ್ದೀರಿ? ಬಿಸಿ ಇಳಿದರೆ ಗ್ಯಾಸ್ ತಾನಾಗಿಯೇ ನಿಲ್ಲುವ ವ್ಯವಸ್ಥೆ ಇದೆಯಾ? ಬಿಸಿ, ಹರಿವು, ಕಾರ್ಬನ್ ಮೊನಾಕ್ಸೈಡ್ ದಾಖಲೆ ನಿಮಿಷ ನಿಮಿಷಕ್ಕೂ ಸಿಗುತ್ತದಾ? ತೂಕದ ಯಂತ್ರ ಕೊನೆಗೆ ಪರೀಕ್ಷೆ ಆದದ್ದು ಯಾವಾಗ? ಉತ್ತರ ಕಾಗದದ ಮೇಲೆ ಬರದಿದ್ದರೆ ಅಲ್ಲಿಗೆ ಗ್ಯಾಸ್ ಕೊಡಬೇಡಿ.

ಹಂತ 8: ತೂಕ, ಲೆಕ್ಕ, ಪ್ರಮಾಣಪತ್ರ

ನಾಶಕ್ಕೆ ಮೊದಲು ಟ್ಯಾಂಕಿನ ತೂಕ, ಆದ ಮೇಲೆ ತೂಕ. ಎರಡೂ ಒಂದೇ ಯಂತ್ರದಲ್ಲಿ. ಉದಾಹರಣೆಗೆ ಮೊದಲು 1,250 ಕಿಲೋ, ಆಮೇಲೆ 250 ಕಿಲೋ ಅಂತ ಇಟ್ಟುಕೊಳ್ಳಿ. ಹೋದದ್ದು 1,000 ಕಿಲೋ. ಲ್ಯಾಬ್ ಪ್ರಕಾರ ಆರ್-12 ಶೇ. 96, ಉಳಿದದ್ದು ಎಣ್ಣೆ, ನೀರು. ನಾಶವಾದ ಆರ್-12 960 ಕಿಲೋ. 10,900ರಿಂದ ಗುಣಿಸಿದರೆ 10,464 ಟನ್.

ಇಷ್ಟನ್ನೂ ಉಳಿತಾಯ ಅಂತ ಹೇಳಿಕೊಳ್ಳಬಾರದು. ಸಾಗಾಟದ ಡೀಸೆಲ್, ಸುಡುವ ಇಂಧನ ಕಳೆಯಬೇಕು. ಹಳೆಯ ಗ್ಯಾಸ್ ಹೋದ ಮೇಲೆ ಅದರ ಜಾಗಕ್ಕೆ ಬರುವ ಬದಲಿ ಗ್ಯಾಸಿನ ಸೋರಿಕೆಯನ್ನೂ ಕಳೆಯಬೇಕು. ಕಾರ್ಬನ್ ಕ್ರೆಡಿಟ್ ಕೊಡಲು ಕ್ಯಾಲಿಫೋರ್ನಿಯಾ ಮಾಡಿರುವ ನಿಯಮ 10 ವರ್ಷದ ಸೋರಿಕೆಯನ್ನು ಆಧಾರವಾಗಿ ಹಿಡಿದು ಹೀಗೇ ಲೆಕ್ಕ ಹಾಕುತ್ತದೆ. ಪ್ರಮಾಣಪತ್ರದಲ್ಲಿ ಟ್ಯಾಂಕಿನ ನಂಬರ್, ಗ್ಯಾಸ್, ತೂಕ, ಶುರುವಾದ ಮತ್ತು ಮುಗಿದ ಸಮಯ ಎಲ್ಲ ಇರಬೇಕು. ಬರೀ 'ನಾಶ ಮಾಡಲಾಗಿದೆ' ಅಂತ ಬರೆದ ಕಾಗದಕ್ಕೆ ಬೆಲೆ ಇಲ್ಲ.

ಕಾರ್ಬನ್ ಕ್ರೆಡಿಟ್ ಬೇಕಾದರೆ

ಕ್ಯಾಲಿಫೋರ್ನಿಯಾದ ಕಡ್ಡಾಯ ಕಾರ್ಬನ್ ಮಾರುಕಟ್ಟೆ ಅಮೆರಿಕದೊಳಗೆ ಸಿಕ್ಕ ಗ್ಯಾಸಿಗೆ ಮಾತ್ರ. ಕ್ಲೈಮೇಟ್ ಆಕ್ಷನ್ ರಿಸರ್ವ್ ಎಂಬ ಸಂಸ್ಥೆ ಭಾರತದಂಥ ದೇಶಗಳಿಂದ ಅಮೆರಿಕಕ್ಕೆ ತಂದು ನಾಶ ಮಾಡುವ ಗ್ಯಾಸಿಗೆ ಬೇರೆ ನಿಯಮ ಮಾಡಿದೆ. ಕಾರ್ಬನ್ ಕ್ರೆಡಿಟ್ ಕೊಡುವ ವೆರಾ ಸಂಸ್ಥೆಯಲ್ಲಿ ಹಳೆಯ ಉಪಕರಣಗಳಿಂದ ಗ್ಯಾಸ್ ತೆಗೆದು ನಾಶ ಮಾಡಲು ವಿಎಂ0016 ಎಂಬ ವಿಧಾನ ಇದೆ. ಗ್ಯಾಸ್ ತೆಗೆಯುವ ಮೊದಲೇ ಇವುಗಳ ನಿಯಮ ಓದಿಕೊಳ್ಳಿ. ಹಿಂದಿನ ದಾಖಲೆಗಳನ್ನು ಆಮೇಲೆ ಸೃಷ್ಟಿಸಲು ಆಗುವುದಿಲ್ಲ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ ಹಿಂದೆ ಒಂದು ಕೆಟ್ಟ ಅನುಭವ ಆಗಿದೆ. ಆರ್-22 ತಯಾರಿಸುವಾಗ ಎಚ್‌ಎಫ್‌ಸಿ-23 ಎಂಬ ಉಪ ಅನಿಲ ಬರುತ್ತದೆ. ಅದನ್ನು ಸುಟ್ಟರೆ ಸಿಗುತ್ತಿದ್ದ ಕ್ರೆಡಿಟ್‌ನ ಹಣ ಸುಡುವ ಖರ್ಚಿಗಿಂತ ಎಷ್ಟೋ ಪಟ್ಟು ಜಾಸ್ತಿ ಇತ್ತು. ಹಣಕ್ಕಾಗಿಯೇ ಜಾಸ್ತಿ ತಯಾರಿಸುವ ಆಸೆ ಹುಟ್ಟಿಸುತ್ತದೆ ಅಂತ ಟೀಕೆ ಬಂತು. ಯುರೋಪ್ ಒಕ್ಕೂಟ 2013ರಿಂದ ಅಂಥ ಕ್ರೆಡಿಟ್ ಬೇಡ ಅಂದಿತು. 2016ರಲ್ಲಿ ಭಾರತ ಸರ್ಕಾರ ಅದನ್ನು ತಯಾರಕರೇ ತಮ್ಮ ಖರ್ಚಿನಲ್ಲಿ ಸುಡಬೇಕು ಅಂತ ಹೇಳಿತು. ಆದ್ದರಿಂದ ನಿಮ್ಮ ಗ್ಯಾಸ್ ಎಲ್ಲಿಂದ ಬಂತು ಅನ್ನುವ ಪುಸ್ತಕವೇ ನಿಮ್ಮ ಆಸ್ತಿ. ಹತ್ತಿಪ್ಪತ್ತು ಕಿಲೋ ಇರುವವರು ಒಬ್ಬೊಬ್ಬರೇ ಕ್ರೆಡಿಟ್ ಹಿಂದೆ ಹೋಗಬೇಡಿ. ಪರಿಶೀಲನೆಯ ಫೀಸಿಗೇ ಹಣ ಸಾಲುವುದಿಲ್ಲ. ಒಟ್ಟುಗೂಡಿಸುವವರಿಗೆ ಕೊಟ್ಟು ತೂಕದ ರಸೀದಿ ಇಸಿದುಕೊಳ್ಳಿ.

ಮನೆಯವರು ಮಾಡಬೇಕಾದದ್ದು

ಫ್ರಿಜ್ ಕೊಡುವ ದಿನ ಪೈಪ್ ಕತ್ತರಿಸಲು ಬಿಡಬೇಡಿ. ರಿಕವರಿ ಮಷಿನ್ ಇರುವ ಮೆಕ್ಯಾನಿಕ್ ಕರೆಸಿ, ಅವರ ಶ್ರಮಕ್ಕೆ ಹಣ ಕೊಡಿ. ಸಿಗದಿದ್ದರೆ ಫ್ರಿಜ್ ಇಡಿಯಾಗಿ, ನೆಟ್ಟಗೆ ನಿಲ್ಲಿಸಿ ಇ-ತ್ಯಾಜ್ಯ ಘಟಕಕ್ಕೆ ಸಾಗಿಸಿ. ಮಕ್ಕಳು ಒಳಗೆ ಸಿಕ್ಕಿಕೊಳ್ಳದಂತೆ ಬಾಗಿಲನ್ನು ಬಿಚ್ಚಿ ತೆಗೆಯಿರಿ. ಅದಕ್ಕೂ ಗ್ಯಾಸ್ ಪೈಪಿಗೂ ಸಂಬಂಧ ಇಲ್ಲ.

ಖಾಲಿ ಸಿಲಿಂಡರ್

'ಖಾಲಿ' ಅನ್ನುವ ಸಿಲಿಂಡರ್‌ನಲ್ಲಿ ಗ್ಯಾಸ್ ಉಳಿದೇ ಇರುತ್ತದೆ. ದ್ರವ ಮುಗಿದರೂ ಒಳಗಿನ ಆವಿ ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟೋ ಹೆಚ್ಚು ಒತ್ತಡದಲ್ಲಿರುತ್ತದೆ. ಗುಜರಿಗೆ ಹಾಕುವ ಮೊದಲು ರಿಕವರಿ ಮಷಿನ್‌ಗೆ ಜೋಡಿಸಿ ವ್ಯಾಕ್ಯೂಮ್‌ವರೆಗೆ ಎಳೆಯಿರಿ, ಎಳೆದ ತೂಕವನ್ನು ಅದೇ ಪುಸ್ತಕದಲ್ಲಿ ಸೇರಿಸಿ. ಆಮೇಲೆ ವಾಲ್ವ್ ತೆಗೆದು, ಯಾರೂ ಮತ್ತೆ ತುಂಬಿಸಲು ಆಗದಂತೆ ಸಿಲಿಂಡರ್‌ಗೆ ತೂತು ಮಾಡಿ ಕೊಡಿ.